ಜಗಲಿಯ ಮಾಷ್

ಗಂಡನಾಗಿದ್ದ ಹನ್ನೊಂದು ವರ್ಷದಲ್ಲಿ ಸುಧೀರ್ ಒಂದು ದಿನವೂ ಹೇಳಿದ ಹೊತ್ತಿಗೆ ಮನೆಗೆ ಬಂದವನಲ್ಲ. ಡೈವೋರ್ಸ್ ಆದ ನಾಲ್ಕು ವರ್ಷದಲ್ಲಿ ಒಂದು ದಿನವೂ ತಡ ಮಾಡಿದವನಲ್ಲ. ಮಂಗಳವಾರ, ಗುರುವಾರ, ಶನಿವಾರ ಬೆಳಿಗ್ಗೆ ಒಂಬತ್ತೂ ಇಪ್ಪತ್ತೈದಕ್ಕೆ ಅವನ ಬೈಕು ಗೇಟಿನ ಹೊರಗೆ ನಿಲ್ಲುತ್ತದೆ, ಒಂಬತ್ತೂವರೆಗೆ ಜಗಲಿಯಲ್ಲಿ ಪಾಠ ಶುರುವಾಗುತ್ತದೆ. ಇದನ್ನು ನೆನೆದಾಗಲೆಲ್ಲ ನಿಶ್ಮಿತಾಳಿಗೆ ಅರ್ಧ ನಗು, ಅರ್ಧ ಸಿಟ್ಟು. ಈ ಮನುಷ್ಯನಿಗೆ ಗಡಿಯಾರ ನೋಡಲು ಬರುತ್ತದೆ ಎಂದು ತಿಳಿಯಲಿಕ್ಕೆ ಕೋರ್ಟಿನವರೆಗೆ ಹೋಗಬೇಕಾಯಿತಲ್ಲ!

ಮನೆ ಮುಳ್ಳೇರಿಯ ಪೇಟೆಯಿಂದ ಹತ್ತು ನಿಮಿಷದ ನಡಿಗೆ. ಜಗಲಿಯಲ್ಲಿ ಒಂದು ಮೇಜು, ಒಂದು ಬೆಂಚು, ಒಂದೇ ಒಂದು ಕುರ್ಚಿ, ಗೋಡೆಗೆ ಕರಿ ಬಣ್ಣ ಬಳಿದು ಮಾಡಿದ ಬೋರ್ಡು. ಶಾಲೆ ಎಂದರೆ ಇಷ್ಟೇ. ಮಕ್ಕಳು ಇಬ್ಬರು, ಹದಿನಾಲ್ಕು ವರ್ಷದ ಪೂಜಾಶ್ರೀ ಮತ್ತು ಒಂಬತ್ತು ವರ್ಷದ ಕಿನ್ನಿ. ಕಲಿಸುವವರೂ ಇಬ್ಬರೇ. ಸೋಮ, ಬುಧ, ಶುಕ್ರ ಅಮ್ಮ ಕನ್ನಡ, ಇಂಗ್ಲಿಷ್, ಸಮಾಜ ಹೇಳಿಕೊಡುತ್ತಾಳೆ. ಉಳಿದ ಮೂರು ದಿನ ಅಪ್ಪನ ಗಣಿತ ಮತ್ತು ವಿಜ್ಞಾನ. ಅಪ್ಪ ಪೇಟೆಯಲ್ಲಿ ಪಂಪು ರಿಪೇರಿ ಮಾಡುವವನು. ಸುಟ್ಟುಹೋದ ಮೋಟರನ್ನು ಗೋಣಿಯಲ್ಲಿ ಹಾಕಿಕೊಂಡು ಬರುತ್ತಾನೆ. ಅದರ ಸುರುಳಿಗೆ ಎಣಿಸಿ ಎಣಿಸಿ ತಂತಿ ಸುತ್ತುತ್ತಾ ಕಿನ್ನಿ ಹದಿನಾರರ ಮಗ್ಗಿಯವರೆಗೆ ಬಂದಿದ್ದಾಳೆ. ಅವನು ಪಾಠ ಮಾಡುವ ದಿನ ನಿಶ್ಮಿತಾ ಒಳಗೆ ಹೊಲಿಗೆ ಮೆಷಿನಿನ ಮುಂದೆ ಕೂತು ಊರವರ ರವಿಕೆ ಹೊಲಿಯುತ್ತಾಳೆ. ಕಿವಿ ಮಾತ್ರ ಜಗಲಿಯಲ್ಲೇ ಇರುತ್ತದೆ.

ಮೇಜಿನ ಮೇಲೆ ಇನ್ನೂರು ಪುಟದ ಒಂದು ನೋಟ್‌ಪುಸ್ತಕ ಯಾವಾಗಲೂ ಇರುತ್ತದೆ. ಇವತ್ತು ಎಂತ ಪಾಠ ಆಯಿತು, ಯಾರಿಗೆ ಎಲ್ಲಿ ಅರ್ಥವಾಗಲಿಲ್ಲ, ನಾಳೆ ಎಂತ ನೋಡಿಕೊಳ್ಳಬೇಕು ಎಂದು ಇಬ್ಬರೂ ಅದರಲ್ಲಿ ಬರೆದು ಸಹಿ ಹಾಕಬೇಕು. ಈಗ ನಡೆಯುತ್ತಿರುವುದು ನಾಲ್ಕನೆಯ ಪುಸ್ತಕ. ಮೊದಲನೆಯದರ ಮೊದಲ ಪುಟದಲ್ಲೇ ನಿಶ್ಮಿತಾ ನಿಯಮಗಳನ್ನು ಬರೆದಿದ್ದಳು. ಜಗಲಿ ದಾಟಿ ಒಳಗೆ ಬರಬಾರದು. ಮಕ್ಕಳ ಎದುರು ಹಳೆಯದನ್ನು ಎತ್ತಬಾರದು. ಫೋನು ಬೇಡ, ಹೇಳುವುದಿದ್ದರೆ ಇದರಲ್ಲಿ ಬರೆಯಬೇಕು. ಅದರ ಕೆಳಗೆ, ಆಗಷ್ಟೇ ಅಕ್ಷರ ಕಲಿತಿದ್ದ ಕಿನ್ನಿ ವಕ್ರವಕ್ರವಾಗಿ ತನ್ನದೊಂದು ಸೇರಿಸಿದ್ದಳು: ಪಾಠದ ಹೊತ್ತಿನಲ್ಲಿ ಅಪ್ಪ ಮಾಷ್, ಅಮ್ಮ ಟೀಚರ್. ಮಕ್ಕಳಿಗೆಂದು ಬರೆದ ನಿಯಮ ದೊಡ್ಡವರಿಗೂ ಅಂಟಿಕೊಂಡಿತು. ಡೈವೋರ್ಸ್ ಆದ ಗಂಡನನ್ನು ಎಂತ ಹೇಳಿ ಕರೆಯುವುದೆಂದು ಯಾರೂ ಯಾರಿಗೂ ಹೇಳಿಕೊಟ್ಟಿರುವುದಿಲ್ಲವಲ್ಲ. ಮೇಷ್ಟ್ರಿಗೆ ಈ ಕಡೆ ಹೇಳುವ 'ಮಾಷ್' ಸುಲಭವಾಯಿತು.

ಊರಿಗೆ ಮಾತ್ರ ಇದು ಅರಗಲಿಲ್ಲ. ಗಂಡ ಹೆಂಡತಿ ದಿನವೂ ಕಿತ್ತಾಡಿಕೊಂಡು ಒಂದೇ ಮನೆಯಲ್ಲಿ ಬಿದ್ದಿರುವುದು ಊರಿಗೆ ಅರ್ಥವಾಗುತ್ತದೆ. ಬೇರೆಯಾಗಿ, ಮರ್ಯಾದೆಯಿಂದ ಮಾತಾಡಿಕೊಂಡು ಇರುವುದು ಅರ್ಥವಾಗುವುದಿಲ್ಲ. "ಇನ್ನೂ ಎಂತದೋ ಉಂಟು ಮಾರಾಯ್ರೆ" ಎಂದು ಬಸ್ಸು ಕಾಯುವವರು ಆಡಿಕೊಂಡದ್ದು ಸುತ್ತು ಹಾಕಿ ನಿಶ್ಮಿತಾಳ ಕಿವಿಗೂ ಬಿದ್ದಿತ್ತು. ಆಡಿಕೊಳ್ಳಲಿ, ಬಾಯಿ ಅವರದ್ದು ಎಂದು ಅವಳು ಮೆಷಿನ್ ತುಳಿದಿದ್ದಳು.

ಡೈವೋರ್ಸಿಗೆ ಕಾರಣ ಎಂತ ಎಂದು ಕೇಳಿದವರಿಗೆಲ್ಲ ಹೇಳಿ ಹೇಳಿ ಅವಳಿಗೆ ಸಾಕಾಗಿತ್ತು. ಕುಡಿತವಿಲ್ಲ, ಹೊಡೆತವಿಲ್ಲ, ಇನ್ನೊಬ್ಬಳಿಲ್ಲ. ಹಾಗಾದರೆ ಎಂತ? ಅವನು ಬಾಯಿ ತೆರೆಯುವುದಿಲ್ಲ, ಅಷ್ಟೆ. ಬೇರೆಯವರ ಎದುರಿಗಾದರೂ ಒಮ್ಮೊಮ್ಮೆ ತೆರೆದಾನು, ನಿಶ್ಮಿತಾಳ ಅಣ್ಣ ಹರಿನಾಥನ ಎದುರು ಊಹೂಂ. ಹರಿನಾಥನ ಮನೆ ಕಾರಡ್ಕದಲ್ಲಿ, ದೊಡ್ಡ ಹಾರ್ಡ್‌ವೇರ್ ಅಂಗಡಿ ಕಾಸರಗೋಡಿನಲ್ಲಿ. ಇವರದು ಅಳಿಯಕಟ್ಟಿನ ಮನೆತನ, ಹೆಣ್ಣಿನ ಕಡೆಯಿಂದ ಇಳಿದು ಬರುವಂಥದ್ದು. ತಂಗಿಯ ಮಕ್ಕಳ ವಿಷಯದಲ್ಲಿ ಸೋದರಮಾವನದೇ ಕೊನೆಯ ಮಾತು. ಕಾನೂನು ಅದನ್ನೆಲ್ಲ ಕೈಬಿಟ್ಟು ಎಷ್ಟೋ ವರ್ಷವಾಯಿತು. ಹರಿನಾಥ ಬಿಟ್ಟಿರಲಿಲ್ಲ. ಅಂದರೆ, ತನಗೆ ಬೇಕಾದಷ್ಟನ್ನು ಬಿಟ್ಟಿರಲಿಲ್ಲ.

ಮದುವೆಯಾಗಿ ಮೂರನೆಯ ವರ್ಷ ನಿಶ್ಮಿತಾಳಿಗೆ ಟೀಚರ್ ಟ್ರೈನಿಂಗಿಗೆ ಸೀಟು ಸಿಕ್ಕಿತ್ತು. ಆ ಕಾಗದವನ್ನು ಅವಳು ಮೂರು ಸಲ ಓದಿ, ಸೆರಗಿನಲ್ಲಿ ಕಟ್ಟಿಕೊಂಡು ಬಡಿಸುತ್ತಿದ್ದಳು. ಊಟಕ್ಕೆ ಕೂತ ಹರಿನಾಥ, "ಎರಡು ವರ್ಷ ಬಸ್ಸಿನಲ್ಲಿ ಓಡಾಡಿ ಯಾರನ್ನು ಉದ್ಧಾರ ಮಾಡ್ಲಿಕ್ಕುಂಟು? ಮಗು ನೋಡಿಕೊಳ್ಳಲಿ" ಎಂದ. ನಿಶ್ಮಿತಾ ಗಂಡನ ಮುಖ ನೋಡಿದಳು. ಸುಧೀರ್ ಬಂಗುಡೆ ಮೀನಿನ ಮುಳ್ಳು ಬಿಡಿಸುತ್ತಿದ್ದ. ತಲೆ ಎತ್ತದೆ, "ಭಾವ ಹೇಳಿದ ಹಾಗೆ ಆಗ್ಲಿ" ಎಂದ. ಆಮೇಲೆ ಎಂಟು ವರ್ಷ ಒಟ್ಟಿಗಿದ್ದರೂ ಆ ಮದುವೆ ಮುಗಿದದ್ದು ಆ ಬಂಗುಡೆಯ ತಟ್ಟೆಯ ಮುಂದೆಯೇ ಎಂದು ಅವಳ ಲೆಕ್ಕ.

ಕೋರ್ಟಿನಲ್ಲಿ ಕೇಸು ನಡೆಯುತ್ತಿದ್ದ ವರ್ಷವೇ ಪೂಜಾಶ್ರೀ ಶಾಲೆಯಲ್ಲಿ ಮಾತು ನಿಲ್ಲಿಸಿದಳು. ಐದನೆಯ ಕ್ಲಾಸಿನ ಕನ್ನಡ ವಿಭಾಗಕ್ಕೆ ಗಣಿತ ಕಲಿಸಲು ಬಂದವರಿಗೆ ಮಲಯಾಳ ಮಾತ್ರ, ಕನ್ನಡವೇ ಬರುತ್ತಿರಲಿಲ್ಲ. ಮಗು ಒಂದೆರಡು ಸಲ ಎದ್ದು ನಿಂತು ಕೇಳಿತು, ಬೈಸಿಕೊಂಡಿತು, ಆಮೇಲೆ ಕೇಳುವುದನ್ನು ಬಿಟ್ಟಿತು. ದಿನವೂ ಬೆಳಿಗ್ಗೆ ಯೂನಿಫಾರ್ಮ್ ನೋಡಿದೊಡನೆ ವಾಂತಿ. ಎಲ್ಲರೂ ಬೆರಳು ತೋರಿಸಿದ್ದು ಡೈವೋರ್ಸಿನ ಕಡೆಗೆ. ಸುಧೀರ್ ಮತ್ತು ನಿಶ್ಮಿತಾ ಮಾತ್ರ ಮಗಳ ಪುಸ್ತಕ ಬಿಡಿಸಿ ನೋಡಿದ್ದರು. ಅದರಲ್ಲಿ ಎರಡು ತಿಂಗಳಿಂದ ಒಂದಕ್ಷರವೂ ಇರಲಿಲ್ಲ. ಕೋರ್ಟಿನ ವರಾಂಡದಲ್ಲಿ ನಿಂತುಕೊಂಡೇ ಇಬ್ಬರೂ ತೀರ್ಮಾನ ಮಾಡಿದರು: ಮಕ್ಕಳಿಗೆ ಮನೆಯಲ್ಲೇ ಕಲಿಸುವುದು, ದೊಡ್ಡವಳು ಮುಂದೆ ಓಪನ್ ಸ್ಕೂಲಿನಲ್ಲಿ ಹತ್ತನೆಯ ಪರೀಕ್ಷೆ ಬರೆಯುವುದು. ಹನ್ನೊಂದು ವರ್ಷದಲ್ಲಿ ಅವರಿಬ್ಬರಿಗೆ ಒಮ್ಮತವಾದ ಮೊದಲ ವಿಷಯ ಅದು. ಬೇರೆಯಾಗುವ ಕಾಗದದಲ್ಲೂ ಹಾಗೆಯೇ ಬಂತು, ಮಕ್ಕಳ ಓದಿನ ಬಗ್ಗೆ ಇಬ್ಬರೂ ಸೇರಿ ತೀರ್ಮಾನಿಸಬೇಕು ಎಂದು. ಒಬ್ಬರು ಕೈ ಎತ್ತಿದರೂ ಜಗಲಿಯ ಶಾಲೆ ಮುಗಿದ ಹಾಗೆ.

ಮೇ ತಿಂಗಳ ಕೊನೆಯ ಬುಧವಾರ ಹರಿನಾಥನ ಫೋನು ಬಂತು.

"ಸಾಕು ಈ ಆಟ," ಎಂದ. "ಇಂಗ್ಲಿಷ್ ಮೀಡಿಯಂ ಶಾಲೆಯಲ್ಲಿ ಮಾತಾಡಿದ್ದೇನೆ. ಇಬ್ಬರಿಗೂ ಸೀಟು ಉಂಟು, ಬಸ್ಸು ಮುಳ್ಳೇರಿಯಕ್ಕೇ ಬರ್ತದೆ. ಶನಿವಾರ ಫಾರ್ಮ್ ತರ್ತೇನೆ."

"ನಾವು ಕೇಳಲಿಲ್ಲ ಅಣ್ಣ."

"ನಾವು ಅಂದ್ರೆ ಯಾರು? ಬಿಟ್ಟ ಗಂಡ ವಾರಕ್ಕೆ ಮೂರು ದಿನ ಜಗಲಿಯಲ್ಲಿ ಕೂತುಕೊಳ್ಳುದು, ನೀನು ಒಳಗಿಂದ ಚಾ ಕಳಿಸುದು. ನನಗೆ ಪೇಟೆಯಲ್ಲಿ ತಲೆ ಎತ್ತಿ ನಡೀಲಿಕ್ಕಿಲ್ಲ. ಒಂದೋ ಅವನ ಒಟ್ಟಿಗೆ ಸರಿಯಾಗಿ ಸಂಸಾರ ಮಾಡು, ದೇವಸ್ಥಾನದಲ್ಲಿ ಎರಡು ಹಾರ ಹಾಕಿಸಿ ಮುಗಿಸುವ. ಇಲ್ಲದಿದ್ರೆ ಮಕ್ಕಳು ಶಾಲೆಗೆ, ಅವ ಗೇಟಿನ ಹೊರಗೆ. ಸುಧೀರನ ಸಹಿ ನಾನು ಹಾಕಿಸಿಕೊಳ್ತೇನೆ. ಅವ ನನ್ನ ಮಾತು ಮೀರಿದವ ಅಲ್ಲ."

ಬೇರೆ ಎಲ್ಲದಕ್ಕೂ ನಿಶ್ಮಿತಾಳ ಹತ್ತಿರ ಉತ್ತರವಿತ್ತು. ಆ ಕೊನೆಯ ಮಾತು ಮಾತ್ರ ನಿಜವಾಗಿತ್ತು.

ಫೋನು ಇಟ್ಟು ತಿರುಗಿದರೆ ಬಾಗಿಲಲ್ಲಿ ಪೂಜಾಶ್ರೀ ನಿಂತಿದ್ದಳು. ಎಲ್ಲವನ್ನೂ ಕೇಳಿಸಿಕೊಂಡಿದ್ದಳು. ಆ ರಾತ್ರಿ ಅವಳು ಊಟ ಮಾಡಲಿಲ್ಲ, ಯಾಕೆ ಎಂದು ಕೇಳಿದರೆ ಉತ್ತರವನ್ನೂ ಕೊಡಲಿಲ್ಲ. ನಾಲ್ಕು ವರ್ಷ ಹಿಂದಿನ ಆ ಮುಖ ಮತ್ತೆ ಬಂದು ಕೂತಿತ್ತು.

ನಿಶ್ಮಿತಾ ಪುಸ್ತಕ ತೆಗೆದು ಬರೆದಳು: "ಶನಿವಾರ ಅಣ್ಣ ಫಾರ್ಮ್ ಹಿಡಿದುಕೊಂಡು ಬರುತ್ತಾರೆ. ಮಕ್ಕಳನ್ನು ಶಾಲೆಗೆ ಹಾಕಲು ನಿಮ್ಮ ಸಹಿ ಬೇಕಂತೆ. ಇಲ್ಲದಿದ್ದರೆ ನಾವು ಪುನಃ ಮದುವೆ ಆಗಬೇಕಂತೆ. ನೀವು ಎಂತ ಹೇಳುತ್ತೀರಿ?"

ಗುರುವಾರ ಸುಧೀರ್ ಬಂದ, ಪುಸ್ತಕ ಓದಿದ, ಪಾಠ ಮಾಡಿದ, ಎಂದಿನಂತೆ ಹನ್ನೆರಡೂವರೆಗೆ ಬರೆದು ಸಹಿ ಹಾಕಿ ಹೋದ. ಬೈಕಿನ ಸದ್ದು ತಿರುವು ದಾಟುವವರೆಗೂ ಕಾದು ನಿಶ್ಮಿತಾ ಜಗಲಿಗೆ ಓಡಿದಳು. ಅವನ ಸಣ್ಣ ಗುಂಡು ಅಕ್ಷರದಲ್ಲಿ ಎರಡೇ ಸಾಲು ಇತ್ತು: "ಶನಿವಾರ: ಕಿನ್ನಿಗೆ ಭಿನ್ನರಾಶಿ. ಪೂಜಾಶ್ರೀಗೆ ವಿದ್ಯುತ್ತಿನ ಪಾಠ, ಹಳೆಯ ಮೋಟರ್ ತರುತ್ತೇನೆ."

ಇಷ್ಟೇ! ಬೆಂಕಿ ಬಿದ್ದರೂ ಈ ಮನುಷ್ಯ ಬಾಯಿ ಬಿಡುವವನಲ್ಲ. ಮುಳ್ಳು ಬಿಡಿಸುತ್ತಾ ಕೂತಿರುತ್ತಾನೆ. ಸಿಟ್ಟಿಗೆ ಅವಳ ಕಣ್ಣಲ್ಲಿ ನೀರೇ ಬಂತು. ಪುಸ್ತಕವನ್ನು ಮೇಜಿನ ಮೇಲೆ ಎಸೆದು ಒಳಗೆ ಹೋದಳು. ಶುಕ್ರವಾರ ಅವಳು ಮಕ್ಕಳಿಗೆ ಕಲಿಸಿದ ಪಾಠ ಯಾರ ತಲೆಗೂ ಹತ್ತಲಿಲ್ಲ, ಅವಳ ತಲೆಗೂ.

ಶನಿವಾರ ಒಂಬತ್ತಕ್ಕೇ ಹರಿನಾಥನ ಕಾರು ಬಂತು. ಹಿಂದಿನ ಸೀಟಿನಿಂದ ಇನ್ನೊಬ್ಬರು ಇಳಿದರು. ಸುಧೀರನ ತಾಯಿ ಅಮ್ಮು! ಒಳ್ಳೆಯ ಸೀರೆ, ಕೈಯಲ್ಲಿ ಬಾಳೆಲೆಯ ಪೊಟ್ಟಣ, ಮುಖದಲ್ಲಿ ಮದುವೆಮನೆಯ ಸಡಗರ. ಅಣ್ಣನನ್ನು ಎದುರಿಸುವುದು ಒಂದು, ಈ ಹೆಂಗಸನ್ನು ನೋಯಿಸುವುದು ಇನ್ನೊಂದು.

ಹರಿನಾಥ ಬಂದವನೇ ಮೇಜಿನ ಹಿಂದಿನ ಕುರ್ಚಿಯಲ್ಲಿ ಕೂತ.

"ಮಾವ, ಅದು ಮಾಷಿನ ಕುರ್ಚಿ," ಎಂದಳು ಕಿನ್ನಿ.

"ಎಂತ ಮಾಷ್? ಅಪ್ಪನನ್ನು ಅಪ್ಪ ಅಂತ ಕರಿ."

"ಪಾಠದ ಹೊತ್ತಾಯ್ತು," ಎಂದು ಕಿನ್ನಿ ಮುಖ ಊದಿಸಿಕೊಂಡಳು.

ಅಮ್ಮು ಬಾಳೆಲೆಯ ಪೊಟ್ಟಣ ಬಿಡಿಸಿ ಮಲ್ಲಿಗೆಯ ಚೆಂಡನ್ನು ಮೇಜಿನ ಮೇಲಿಟ್ಟರು. ಆಮೇಲೆ ಸೊಂಟದ ಚೀಲದಿಂದ ಒಂದು ಸಣ್ಣ ಡಬ್ಬಿ ತೆಗೆದು, ಆ ನೋಟ್‌ಪುಸ್ತಕದ ಮೇಲೆಯೇ ಇಟ್ಟು ಮುಚ್ಚಳ ತೆರೆದರು. ಒಳಗೆ ನಿಶ್ಮಿತಾಳ ಹಳೆಯ ಕರಿಮಣಿ.

"ಇದು ಎಂತ ಅತ್ತೆ?"

"ನಿನ್ನದೇ ಮಗಾ. ನಾಲ್ಕು ವರ್ಷ ನನ್ನ ಪೆಟ್ಟಿಗೆಯಲ್ಲಿತ್ತು. ಒಂದು ದಿನ ಬೇಕಾಗ್ತದೆ ಅಂತ ನನಗೆ ಗೊತ್ತಿತ್ತು." ಅವರು ದನಿ ತಗ್ಗಿಸಿದರು. "ಅಂಗಡಿಗೆ ಹೋಗುವಾಗ ಸುಧೀರ ಗ್ರೀಸಿನ ಶರ್ಟು ಹಾಕಿಕೊಂಡು ಹೋಗ್ತಾನೆ. ಇಲ್ಲಿಗೆ ಬರುವ ದಿನ ಇಸ್ತ್ರಿ ಹಾಕಿದ ಶರ್ಟೇ ಬೇಕು. ರಾತ್ರಿಯೇ ಇಸ್ತ್ರಿ ಮಾಡಿ ನೇತು ಹಾಕ್ತಾನೆ. ಹೆತ್ತವಳಿಗೆ ಗೊತ್ತಾಗುದಿಲ್ವಾ?"

"ಅದು ಪಾಠಕ್ಕೆ ಅತ್ತೆ, ನನಗಲ್ಲ."

ಅಮ್ಮು ನಕ್ಕರು, ಹುಡುಗಿಯ ನಾಚಿಕೆ ಎಂದುಕೊಂಡು. ತಪ್ಪು ಅವರದಲ್ಲ. ಗಂಡಸು ಶರ್ಟಿಗೆ ಇಸ್ತ್ರಿ ಹಾಕಿ ಹೆಂಗಸಿರುವ ಮನೆಗೆ ಹೋದರೆ ಅದಕ್ಕೆ ಬೇರೆ ಕಾರಣವಿರಬಹುದೆಂದು ಇಡೀ ಊರಿನಲ್ಲಿ ಯಾರಿಗೂ ಹೊಳೆದಿರಲಿಲ್ಲ.

ಹರಿನಾಥ ಫಾರ್ಮುಗಳನ್ನು ಹರಡಿದ. "ಎರಡರಲ್ಲಿ ಒಂದು. ಡಬ್ಬಿಯೋ, ಫಾರ್ಮೋ. ಸೋದರಮಾವ ನಾನು. ಈ ಮಕ್ಕಳ ವಿಷಯದಲ್ಲಿ ನನಗೆ ಹೇಳುವ ಹಕ್ಕು ಉಂಟು. ಅದು ನಮ್ಮ ಅಳಿಯಕಟ್ಟು."

ಮೂರು ರಾತ್ರಿ ನಿದ್ದೆಗೆಟ್ಟ ನಿಶ್ಮಿತಾಳಿಗೆ ನೆತ್ತಿಗೇರಿತು.

"ಕಟ್ಟು ಹೇಳುವುದಾದ್ರೆ ಪೂರ್ತಿ ಹೇಳಿ ಅಣ್ಣ. ಅರ್ಧ ಹೇಳ್ಬೇಡಿ. ಮಾವನಿಗೆ ಮಾತು ಉಂಟು, ಸರಿ. ಮನೆ ಯಾರಿಗೆ? ಹೆಣ್ಣುಮಕ್ಕಳಿಗೆ. ಅಜ್ಜಿಯಿಂದ ಅಮ್ಮನಿಗೆ, ಅಮ್ಮನಿಂದ ನನಗೆ, ನನ್ನಿಂದ ಇವರಿಬ್ಬರಿಗೆ. ಹಾಗೆ ನೋಡಿದ್ರೆ ಈ ಜಗಲಿ ಪೂಜಾಶ್ರೀದು. ನೀವು ನೆಂಟರು. ನೆಂಟರಿಗೆ ಚಾ ಕೊಡ್ತೇನೆ, ಕುಡೀರಿ. ಗೇಟಿನ ಒಳಗೆ ಯಾರು ಬರಬೇಕು, ಯಾರು ಬರಬಾರದು ಅಂತ ಹೇಳ್ಬೇಡಿ."

"ನಾಲಿಗೆ ಉದ್ದ ಆಗಿದೆ ನಿನಗೆ."

"ಮೊದಲೂ ಇತ್ತು. ಆಗ ನಿಮಗೆ ಕೇಳ್ತಿರಲಿಲ್ಲ."

"ಆಯ್ತು, ನಿನ್ನ ಹತ್ತಿರ ಮಾತಿಲ್ಲ. ಅವ ಬರಲಿ," ಎಂದು ಹರಿನಾಥ ಕುರ್ಚಿಗೆ ಒರಗಿದ. ಅವನ ಮುಖದಲ್ಲಿ ಒಂದಿಷ್ಟೂ ಆತಂಕವಿರಲಿಲ್ಲ.

ಒಂಬತ್ತೂ ಇಪ್ಪತ್ತೈದಕ್ಕೆ ಬೈಕು ನಿಂತಿತು. ಸುಧೀರ್ ಗೋಣಿಯಲ್ಲಿ ಮೋಟರ್ ಹೊತ್ತುಕೊಂಡು ಬಂದ. ಇಸ್ತ್ರಿ ಹಾಕಿದ ನೀಲಿ ಶರ್ಟು. ಮೆಟ್ಟಿಲ ಬಳಿ ಚಪ್ಪಲಿ ಬಿಟ್ಟು, ತಾಯಿಯನ್ನು ನೋಡಿದ, ಹೂವು ನೋಡಿದ, ಡಬ್ಬಿ ನೋಡಿದ, ತನ್ನ ಕುರ್ಚಿಯಲ್ಲಿ ಕೂತ ಭಾವನನ್ನು ನೋಡಿದ. ಮೋಟರನ್ನು ಮೆಲ್ಲಗೆ ನೆಲಕ್ಕಿಳಿಸಿದ.

ಹರಿನಾಥ ಎಲ್ಲವನ್ನೂ ಇನ್ನೊಮ್ಮೆ ಹೇಳಿದ. ಊರಿನ ಮಾತು, ಮಾನ, ಶಾಲೆಯ ಬಸ್ಸು, ದೇವಸ್ಥಾನದ ಹಾರ. ಕೊನೆಗೆ ಪೆನ್ನಿನ ಮುಚ್ಚಳ ತೆಗೆದು ಚಾಚಿದ. "ಹೆಚ್ಚು ಮಾತು ಬೇಡ. ಡಬ್ಬಿ ಬೇಕಾದ್ರೆ ತೆಗೆದುಕೋ, ಸಂತೋಷ. ಇಲ್ಲದಿದ್ರೆ ಇಲ್ಲೊಂದು ಸಹಿ ಹಾಕು. ನಾನು ಹೇಳಿದ್ರೆ ನಿನಗೆ ಒಳ್ಳೆಯದಕ್ಕೇ ಹೇಳುದು."

ಸುಧೀರ್ ಪೆನ್ನು ತೆಗೆದುಕೊಂಡ.

ನಿಶ್ಮಿತಾ ಕಣ್ಣು ಮುಚ್ಚಿದಳು. ಬಂಗುಡೆಯ ವಾಸನೆ ಬಂದ ಹಾಗಾಯಿತು.

ಅವನು ಫಾರ್ಮನ್ನು ಕೈಗೆತ್ತಿಕೊಂಡು ಮೇಲಿನಿಂದ ಕೆಳಗಿನವರೆಗೆ ಓದಿದ. ಮೋಟರಿನ ದೋಷ ಹುಡುಕುವಷ್ಟೇ ನಿಧಾನವಾಗಿ. ಮತ್ತೆ ಅದನ್ನು ಬೆಂಚಿನ ಮೇಲೆ ಮುದುಡಿ ಕೂತಿದ್ದ ಪೂಜಾಶ್ರೀಯ ಮುಂದಿಟ್ಟ.

"ಇದರಲ್ಲಿ ಇರುದು ನಿನ್ನ ಹೆಸರು. ಓದು. ನಿನಗೆ ಎಂತ ಅನ್ನಿಸ್ತದೆ?"

"ಮಕ್ಕಳನ್ನು ಎಂತ ಕೇಳುದು!" ಎಂದ ಹರಿನಾಥ.

"ಈ ಜಗಲಿಯಲ್ಲಿ ಕೇಳುದು ಹಾಗೆಯೇ ಭಾವ," ಎಂದ ಸುಧೀರ್. ಎಲ್ಲರಿಗೂ ಕೇಳಿಸಿತು.

ಪೂಜಾಶ್ರೀ ಫಾರ್ಮ್ ಓದಲಿಲ್ಲ. ಮೂರು ದಿನದಿಂದ ಮುಚ್ಚಿದ್ದ ಬಾಯಿ ತೆರೆದು, "ನಾನು ಹೋಗುದಿಲ್ಲ" ಎಂದಳು. ಯಾರೂ ಸರಿಯಾಗಿ ಕೇಳಿರಲಿಕ್ಕಿಲ್ಲ ಎಂದು ಇನ್ನೊಮ್ಮೆ, ಗಟ್ಟಿಯಾಗಿ, "ನಾನು ಹೋಗುದಿಲ್ಲ ಮಾವ. ನನಗೆ ಇಲ್ಲಿ ಪಾಠ ಉಂಟು" ಎಂದಳು.

ಸುಧೀರ್ ಪೆನ್ನಿಗೆ ಮುಚ್ಚಳ ಹಾಕಿ ಹರಿನಾಥನ ಮುಂದಿಟ್ಟ.

"ಭಾವ, ಟ್ರೈನಿಂಗಿನ ಕಾಗದ ಬಂದ ದಿನ ನೆನಪುಂಟಾ? ನಾನು ಮೀನು ತಿಂತಾ ಇದ್ದೆ. ಇವಳು ನನ್ನ ಮುಖ ನೋಡಿದ್ದು ನನಗೆ ಗೊತ್ತಿತ್ತು. ಗೊತ್ತಿದ್ದೇ ತಲೆ ಎತ್ತಲಿಲ್ಲ. ನೀವು ಹೇಳಿದ ಹಾಗೆ ಆಗ್ಲಿ ಅಂದೆ. ಇವಳು ಆವತ್ತೇ ಟೀಚರ್ ಆಗ್ಬೇಕಿತ್ತು. ಈಗ ಆಗಿದ್ದಾಳೆ. ಅದನ್ನು ಇನ್ನೊಂದು ಸಲ ನಿಲ್ಲಿಸ್ಲಿಕ್ಕೆ ನನ್ನಿಂದ ಆಗುದಿಲ್ಲ."

ಅಮ್ಮುವಿನ ಮುಖ ಅರಳಿತು. "ಹಾಗಾದ್ರೆ ಡಬ್ಬಿ ತೆಗೆದುಕೋ ಮಗಾ!"

"ಬೇಡ ಅಮ್ಮ." ಅವನು ತಾಯಿಯ ಕಡೆ ತಿರುಗಿ, ಮಗುವಿಗೆ ಹೇಳುವ ಹಾಗೆ ಹೇಳಿದ. "ಗಂಡ ಆಗಿ ನಾನು ಪಾಸಾಗಲಿಲ್ಲ. ಪುನಃ ಕೂತರೂ ಪಾಸಾಗುದಿಲ್ಲ, ಅದು ಇವಳಿಗೂ ಗೊತ್ತುಂಟು. ಇದು ಮಾತ್ರ ನನಗೆ ಬರ್ತದೆ. ಇದನ್ನು ಬಿಡುದಿಲ್ಲ."

ಆಮೇಲೆ ಹರಿನಾಥನಿಗೆ, "ಭಾವ, ಕುರ್ಚಿ ಬಿಡಬೇಕು. ಒಂಬತ್ತೂ ನಲವತ್ತಾಯ್ತು."

ಹರಿನಾಥ ಎದ್ದ. ಅಂಗಡಿಯ ಕೆಲಸದಾಳು ಎದುರುತ್ತರ ಕೊಟ್ಟರೆ ಹೇಗೋ ಹಾಗೆ ಮುಖ ಕಪ್ಪಿಟ್ಟಿತ್ತು. "ಶಿಕ್ಷಣ ಇಲಾಖೆಯ ಎ.ಇ.ಒ. ಆಫೀಸಿಗೆ ಬರೀತೇನೆ. ಶಾಲೆಗೆ ಕಳಿಸದೆ ಮಕ್ಕಳನ್ನು ಕೂಡಿ ಹಾಕಿದ್ದಾರೆ ಅಂತ ಬರೀತೇನೆ. ಅವರು ಬಂದು ಕೇಳ್ಲಿ!"

"ಬರೀರಿ ಅಣ್ಣ," ಎಂದಳು ನಿಶ್ಮಿತಾ. ಒಳಗೆ ಹೋಗಿ ಮೂರು ಹಳೆಯ ಪುಸ್ತಕ ತಂದು, ಡಬ್ಬಿಯನ್ನು ಪಕ್ಕಕ್ಕೆ ಸರಿಸಿ, ನಾಲ್ಕನೆಯದರ ಮೇಲೆ ಧಪ್ಪೆಂದು ಇಟ್ಟಳು. "ನಾಲ್ಕು ವರ್ಷದ ಒಂದೊಂದು ದಿನವೂ ಇದರಲ್ಲುಂಟು. ಒಂದೊಂದು ಪುಟಕ್ಕೂ ಸಹಿ ಉಂಟು. ಬರುವುದಾದ್ರೆ ಮಂಗಳವಾರ ಬರ್ಲಿಕ್ಕೆ ಹೇಳಿ, ಗಣಿತ ಉಂಟು. ಸೋಮವಾರವಾದ್ರೆ ನಾನೇ ಇರ್ತೇನೆ."

ಕಾರಿನ ಬಾಗಿಲು ಮುಚ್ಚಿದ ಸದ್ದು ದೊಡ್ಡದಾಗಿಯೇ ಕೇಳಿಸಿತು. ಅಮ್ಮು ಹಿಂದೆ ಉಳಿದಿದ್ದರು. ಡಬ್ಬಿಯ ಮುಚ್ಚಳ ಹಾಕಿ ಸೊಂಟದ ಚೀಲಕ್ಕೆ ಸೇರಿಸಿದರು. ಎರಡು ಸಲ ಜಾರಿತು. ನಿಶ್ಮಿತಾಳಿಗೆ ಅವರ ಕೈ ಹಿಡಿದುಕೊಳ್ಳಬೇಕೆನಿಸಿತು, ಹಿಡಿದುಕೊಂಡಳು ಕೂಡ.

"ಹೂವಾದ್ರೂ ಇಟ್ಟುಕೋ ಮಗಾ," ಎಂದರು ಅಮ್ಮು. "ಬೆಳಿಗ್ಗೆ ಆರಕ್ಕೇ ಹೋಗಿ ತಂದದ್ದು. ಬಾಡ್ತದೆ."

ನಿಶ್ಮಿತಾ ಚೆಂಡನ್ನು ಮೂರು ತುಂಡು ಮಾಡಿದಳು. ಪೂಜಾಶ್ರೀಗೆ ಒಂದು, ಕಿನ್ನಿಗೆ ಒಂದು, ತನಗೆ ಒಂದು. ಮುಡಿದುಕೊಂಡು ಅತ್ತೆಯನ್ನು ಕಾದು ನಿಂತಿದ್ದ ಕಾರಿನವರೆಗೆ ಬಿಟ್ಟು ಬಂದಳು. ಊರವರು ನೋಡಿದರೆ ನೋಡಲಿ, ಅದಕ್ಕೂ ಒಂದು ಕತೆ ಕಟ್ಟಲಿ.

ಒಳಗೆ ಬಂದು ಮೆಷಿನಿನ ಮುಂದೆ ಕೂತರೆ ಸೂಜಿಗೆ ದಾರ ಹೋಗಲೊಲ್ಲದು. ಮೊದಲು ಬಂದದ್ದು ಸಿಟ್ಟೇ. ಆ ಒಂದು ಮಾತಿಗಾಗಿ ಅವಳು ಬಂಗುಡೆಯ ತಟ್ಟೆಯ ಮುಂದೆ ನಿಂತು ಕಾದಿದ್ದಳು, ಆಮೇಲೆ ಎಂಟು ವರ್ಷ ಕಾದಿದ್ದಳು. ಈಗ ಬಂತು, ಮದುವೆ ಬೇಡ ಎನ್ನುವ ಮಾತಿನ ಜೊತೆಯಲ್ಲೇ ಬಂತು. ಆಗಲೇ ಹೇಳಿದ್ದರೆ? ಆಗಲೇ ಹೇಳಿದ್ದರೆ ಎಂತ ಆಗುತ್ತಿತ್ತೆಂದು ಯೋಚಿಸಲು ಹೊರಟವಳು ನಿಲ್ಲಿಸಿದಳು. ಅದರಿಂದ ಯಾರಿಗೂ ಉಪಯೋಗವಿಲ್ಲ. ಬೇಡ ಎಂದದ್ದೂ ಸರಿಯೇ, ಅವಳಿಗೂ ಬೇಕಿರಲಿಲ್ಲ. ಆದರೂ ಕಣ್ಣು ಒರೆಸಿಕೊಂಡಳು, ಒರೆಸಿಕೊಂಡು ನಕ್ಕಳು, ನಕ್ಕದ್ದಕ್ಕೆ ತನಗೆ ತಾನೇ ಬೈದುಕೊಂಡಳು.

ಜಗಲಿಯಿಂದ ಕಿನ್ನಿಯ ದನಿ ಕೇಳುತ್ತಿತ್ತು. "ಮಾಷ್, ಮೂರು ತುಂಡು ಮಾಡಿದ್ರೆ ಒಂದು ತುಂಡು ಮೂರನೇ ಒಂದು ಅಲ್ವಾ? ಆದ್ರೆ ಟೀಚರ್ ಅವರ ತುಂಡು ದೊಡ್ಡದು ಮಾಡಿದ್ದಾರೆ." ಪೂಜಾಶ್ರೀ ನಗುತ್ತಿದ್ದಳು.

ಹನ್ನೆರಡೂ ನಲವತ್ತಕ್ಕೆ ಬೈಕು ಹೋಯಿತು. ಕಳೆದುಹೋದ ಹತ್ತು ನಿಮಿಷವನ್ನೂ ಸೇರಿಸಿ ಪಾಠ ಮಾಡಿಯೇ ಹೋಗಿದ್ದ. ನಿಶ್ಮಿತಾ ಪುಸ್ತಕ ತೆರೆದಳು. ಭಿನ್ನರಾಶಿ ಆಯಿತು, ವಿದ್ಯುತ್ತಿನ ಪಾಠ ಅರ್ಧ ಉಳಿಯಿತು, ಕೆಳಗೆ ಸಹಿ. ಬೇರೆ ಒಂದು ಅಕ್ಷರವೂ ಇಲ್ಲ. ಗುರುವಾರದ ಆ ಎರಡು ಸಾಲನ್ನು ಅವಳು ಮತ್ತೊಮ್ಮೆ ಓದಿದಳು. ಶನಿವಾರ ಪಾಠ ಉಂಟು ಎಂದು ಅವನು ಆವತ್ತೇ ಬರೆದಿದ್ದ. ಅವಳು ಕೇಳಿದ ಪ್ರಶ್ನೆಗೆ ಉತ್ತರ ಅದೇ ಆಗಿತ್ತು. ಓದಲು ಬಾರದೆ ಹೋದದ್ದು ಟೀಚರಿಗೆ.

ಪೆನ್ನು ತೆಗೆದುಕೊಂಡು ಅವನ ಸಹಿಯ ಕೆಳಗೆ ಬರೆದಳು: "ಮಾಷ್ ಇವತ್ತು ಪಾಠ ಶುರು ಮಾಡಿದ್ದು ಹತ್ತು ನಿಮಿಷ ತಡ. ಕಾರಣ ಸರಿ ಉಂಟು."

ಅದರ ಕೆಳಗೆ ತನ್ನ ಸಹಿ ಹಾಕಿದಳು.